ಪೂಲ್ ಫಿಲ್ಟರ್‌ಗೆ ಮರಳೋ, ಗಾಜೋ, ಕಾರ್ಟ್ರಿಡ್ಜೋ? ಬೋರ್‌ವೆಲ್ ನೀರಿನ ಊರಿನವರ ಲೆಕ್ಕ

ಚಿಕ್ಕಬಳ್ಳಾಪುರದಲ್ಲಿ ಅಂಗಡಿಗೆ ಹೋಗಿ "ಫಿಲ್ಟರ್ ಮರಳು ಇದೆಯಾ?" ಅಂತ ಮಾತ್ರ ಕೇಳಬೇಡಿ. ನಾನು ಕೇಳಿದ್ದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಆ ದಂಧೆ ಎಲ್ಲ ನಾವು ಮಾಡಲ್ಲ ಸಾರ್" ಅಂದರು. ನಮ್ಮ ಕಡೆ, ಕೋಲಾರದ ಕಡೆ, ಫಿಲ್ಟರ್ ಮರಳು ಅಂದರೆ ಕೆರೆಯಂಗಳದ ಮತ್ತು ಹೊಲದ ಮಣ್ಣನ್ನು ನೀರು ಹಾಯಿಸಿ ತೊಳೆದು ಕಳ್ಳತನದಲ್ಲಿ ಮಾರುವ ಮರಳು. ಮಣ್ಣನ್ನು ಫಿಲ್ಟರ್ ಮಾಡಿ ತೆಗೆದದ್ದು ಅನ್ನೋ ಅರ್ಥದಲ್ಲಿ ಆ ಹೆಸರು. ನನಗೆ ಬೇಕಾಗಿದ್ದದ್ದು ಈಜುಕೊಳದ ಫಿಲ್ಟರ್ ಒಳಗೆ ತುಂಬುವ ಮರಳು. ಅದನ್ನು ಕೇಳಬೇಕಾದ ಹೆಸರು "ಸಿಲಿಕಾ ಸ್ಯಾಂಡ್". ಕಾಳಿನ ಗಾತ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ನಿಮ್ಮ ಫಿಲ್ಟರ್ ಮೇಲೆ ಅಂಟಿಸಿದ ಚೀಟಿಯಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು.

ನಂದಿ ಬೆಟ್ಟದ ತಪ್ಪಲಿನಲ್ಲಿ ನಮ್ಮದೊಂದು ಪುಟ್ಟ ಫಾರ್ಮ್‌ಸ್ಟೇ ಇದೆ. ಪೂಲ್ ದೊಡ್ಡದೇನಲ್ಲ. ಆರು ಮೀಟರ್ ಉದ್ದ, ಮೂರೂವರೆ ಅಗಲ, ಸರಾಸರಿ 1.3 ಮೀಟರ್ ಆಳ. ಸುಮಾರು 27,000 ಲೀಟರ್ ನೀರು ಹಿಡಿಯುತ್ತದೆ. ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವವರು ಇಳಿಯುತ್ತಾರೆ. ಸೋಮವಾರ ಬೆಳಿಗ್ಗೆ ನೀರು ಮಜ್ಜಿಗೆ ನೀರಿನ ಬಣ್ಣಕ್ಕೆ ತಿರುಗಿರುತ್ತದೆ. ಆಗ ಒಬ್ಬೊಬ್ಬರದು ಒಂದೊಂದು ಸಲಹೆ. ಮರಳು ಬದಲಿಸಿ ಅಂತ ಒಬ್ಬರು, ಗಾಜು ಹಾಕಿಸಿ ಅಂತ ಇನ್ನೊಬ್ಬರು, ಈ ಮರಳಿನ ಸಹವಾಸವೇ ಬೇಡ ಕಾರ್ಟ್ರಿಡ್ಜ್ ಹಾಕಿಬಿಡಿ ಅಂತ ಮತ್ತೊಬ್ಬರು. ಇದರಲ್ಲಿ ಕೆಲವನ್ನು ನಾನೇ ಮಾಡಿ ನೋಡಿದೆ, ಕೆಲವನ್ನು ಅಕ್ಕಪಕ್ಕದವರ ಪೂಲ್‌ನಲ್ಲಿ ನೋಡಿದೆ.

ಇಂಟರ್‌ನೆಟ್‌ನಲ್ಲಿ ಓದುವ ಹೋಲಿಕೆಗಳಲ್ಲೆಲ್ಲ ಎಷ್ಟು ಸಣ್ಣ ಕಸ ಹಿಡಿಯುತ್ತದೆ, ಎಷ್ಟು ದುಡ್ಡು ಅನ್ನೋದೇ ಮಾತು. ನಮ್ಮ ಜಿಲ್ಲೆಯಲ್ಲಿ ಆ ಲೆಕ್ಕ ಸಾಲದು. ಉತ್ತರ ಪಿನಾಕಿನಿ, ಚಿತ್ರಾವತಿ ಇಲ್ಲೇ ನಂದಿ ಸುತ್ತಲಿನ ಬೆಟ್ಟಗಳಲ್ಲಿ ಹುಟ್ಟಿದರೂ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ನಮಗಿಲ್ಲ. ಕೆರೆ ತುಂಬಿಸೋಕೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ಯೋಜನೆಯ ಪೈಪಿನಲ್ಲಿ ತರಿಸಿಕೊಳ್ಳುವ ಊರು ನಮ್ಮದು. ಹಾಗಾಗಿ ಫಿಲ್ಟರ್ ಆರಿಸುವಾಗ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಇದನ್ನು ತೊಳೆಯೋಕೆ ಎಷ್ಟು ನೀರು ಚೆಲ್ಲಬೇಕು?

ಮೊದಲು ಗೇಜ್ ನೋಡಿ, ಆಮೇಲೆ ಮರಳನ್ನು ಬೈಯಿರಿ

ನಮ್ಮದು 24 ಇಂಚಿನ ಸ್ಯಾಂಡ್ ಫಿಲ್ಟರ್. ಒಳಗೆ 135 ಕೆಜಿ ಹತ್ತಿರ ಮರಳು. ಪಂಪ್ ಗಂಟೆಗೆ ಸುಮಾರು 10,000 ಲೀಟರ್ ತಳ್ಳುತ್ತದೆ. ಹಾಗೆ ನೋಡಿದರೆ ಮೂರು ಗಂಟೆಯೊಳಗೆ ಇಡೀ ಪೂಲ್‌ನಷ್ಟು ನೀರು ಒಂದು ಸುತ್ತು ಬರಬೇಕು. ಬರಬೇಕು ಅಷ್ಟೇ. ಬರುತ್ತಿದೆಯೋ ಇಲ್ಲವೋ ಅಂತ ಹೇಳೋದು ಫಿಲ್ಟರ್ ತಲೆಯ ಮೇಲಿನ, ನೀರಿನ ಒತ್ತಡ ತೋರಿಸುವ ಪುಟ್ಟ ಗೇಜ್.

ಮೊದಲ ವರ್ಷ ನಮ್ಮ ಗೇಜ್ ಯಾವಾಗ ನೋಡಿದರೂ 1 ಕೆಜಿ ತೋರಿಸುತ್ತಿತ್ತು. ಎಷ್ಟು ಒಳ್ಳೆ ಫಿಲ್ಟರ್ ಅಂತ ಖುಷಿಪಟ್ಟಿದ್ದೆ. ಒಂದು ದಿನ ಕರೆಂಟ್ ಹೋದಾಗ ಪಂಪ್ ರೂಮಿಗೆ ಹೋಗಿ ನೋಡ್ತೀನಿ, ಪಂಪ್ ನಿಂತಿದೆ, ಮುಳ್ಳು ಮಾತ್ರ ಅದೇ 1 ಕೆಜಿ ಮೇಲೆ ಕೂತಿದೆ! ಮುಳ್ಳು ತುಕ್ಕು ಹಿಡಿದು ಎಂದೋ ಸತ್ತುಹೋಗಿತ್ತು. ಪಕ್ಕದ ದ್ರಾಕ್ಷಿ ತೋಟದ ಅಣ್ಣ ಬಿದ್ದು ಬಿದ್ದು ನಕ್ಕರು. "ನಮ್ಮ ಡ್ರಿಪ್ ಫಿಲ್ಟರ್‌ಗೂ ಇದೇ ಗೇಜ್ ಕಣಪ್ಪ, ವರ್ಷಕ್ಕೊಂದು ಬದಲಿಸ್ತೀವಿ" ಅಂದರು. ಅದು ನಿಜ. ನಮ್ಮ ಕಡೆ ಡ್ರಿಪ್ ಹಾಕಿಸಿದ ರೈತರಿಗೆ ಸ್ಯಾಂಡ್ ಫಿಲ್ಟರ್, ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯೋದು) ಅನ್ನೋದು ಹೊಸ ವಿದ್ಯೆಯೇ ಅಲ್ಲ. ಪೂಲ್ ಕಂಪನಿಯವರು ಬರೋಕೆ ಒಂದು ವಾರ ಆಗುತ್ತೆ ಅಂದರೆ ಡ್ರಿಪ್ ಅಂಗಡಿಗೆ ಹಳೆಯ ಗೇಜ್ ಹಿಡಿದುಕೊಂಡು ಹೋಗಿ, ಅದೇ ಥ್ರೆಡ್ ಇರುವುದನ್ನು ತನ್ನಿ.

ಹೊಸ ಗೇಜ್ ಹಾಕಿದ ಮೇಲೆ ಒಂದು ಸಲ ಚೆನ್ನಾಗಿ ಬ್ಯಾಕ್‌ವಾಶ್ ಮಾಡಿ, ಆಗ ಮುಳ್ಳು ಎಲ್ಲಿ ನಿಂತಿತೋ ಅದನ್ನು ಫಿಲ್ಟರ್ ಮೈಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ನಮ್ಮದು 0.8 ಕೆಜಿ. ಅಲ್ಲಿಂದ ಅರ್ಧ ಕೆಜಿಗಿಂತ ಸ್ವಲ್ಪ ಮೇಲೆ ಏರಿದಾಗ, ಅಂದರೆ 1.4 ಹತ್ತಿರ ಬಂದಾಗ, ಮರಳು ಕಸ ಹಿಡಿದಿದೆ, ತೊಳೆಯಬೇಕು ಅಂತ ಅರ್ಥ. ಗೇಜ್ ಪೌಂಡ್ ಲೆಕ್ಕದಲ್ಲಿ ಇದ್ದರೆ 8ರಿಂದ 10 ಪೌಂಡ್ ಏರಿಕೆ.

ಒತ್ತಡ ಏರುವ ಬದಲು ಇಳಿದಿದ್ದರೆ ಮರಳಿನ ತಪ್ಪಲ್ಲ. ಪಂಪ್ ಮುಂದಿನ ಬುಟ್ಟಿಯಲ್ಲಿ ಎಲೆ ಕಟ್ಟಿಕೊಂಡಿದೆ, ಇಲ್ಲವೇ ನೀರಿನ ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್‌ನ ಬುಟ್ಟಿ ತುಂಬಿದೆ, ಇಲ್ಲವೇ ಪಂಪ್‌ಗೆ ಗಾಳಿ ಎಳೆಯುತ್ತಿದೆ. ನಮ್ಮ ಬೇಲಿಯ ಸಿಲ್ವರ್ ಓಕ್ ಎಲೆಗಳು ಈ ಕೆಲಸದಲ್ಲಿ ನಿಪುಣ. ಗಾಳಿ ಎಳೆಯುತ್ತಿದ್ದರೆ ಪಂಪ್‌ನ ಪಾರದರ್ಶಕ ಮುಚ್ಚಳದಲ್ಲಿ ಗುಳ್ಳೆ ಕುದಿಯುವುದು ಕಣ್ಣಿಗೇ ಕಾಣುತ್ತದೆ. ಹೆಚ್ಚಿನ ಸಲ ಮುಚ್ಚಳದ ರಬ್ಬರ್ ರಿಂಗ್ ಒಣಗಿರುತ್ತದೆ. ಪೂಲ್ ನೀರು ಸ್ಕಿಮ್ಮರ್ ಬಾಯಿಗಿಂತ ಕೆಳಗೆ ಇಳಿದಿದ್ದರೂ ಇದೇ ಕಥೆ. ನನಗೆ ಗೊತ್ತಿರುವ ಒಂದು ಜಾಗದಲ್ಲಿ ಇಷ್ಟಕ್ಕೇ ಮರಳು ಪೂರ್ತಿ ಬದಲಿಸಿದ್ದಾರೆ. ಬಿಲ್ ಕಟ್ಟಿದ ಮೇಲೆ ಬುಟ್ಟಿಯಲ್ಲಿ ಯಾರದೋ ಈಜು ಟೋಪಿ ಸಿಕ್ಕಿತು.

ಇನ್ನೆರಡು ಲಕ್ಷಣ ನೆನಪಿಡಿ. ಪೂಲ್ ತಳದಲ್ಲಿ, ನೀರು ವಾಪಸ್ ಬರುವ ಬಾಯಿಯ ಕೆಳಗೆ ಮರಳಿನ ಗುಪ್ಪೆ ಕಂಡರೆ ಫಿಲ್ಟರ್ ತಳದಲ್ಲಿರುವ ಲ್ಯಾಟರಲ್ ಒಡೆದಿದೆ. ಸಣ್ಣ ಸೀಳು ಇರುವ ಬೆರಳಿನಂಥ ಪೈಪ್ ಅದು. ಮರಳು ತೆಗೆಯದೆ ಅದನ್ನು ಸರಿಮಾಡೋಕೆ ಆಗಲ್ಲ. ಫಿಲ್ಟರ್ ಮೋಡ್‌ನಲ್ಲಿ ಇದ್ದಾಗಲೂ ಬ್ಯಾಕ್‌ವಾಶ್ ಪೈಪಿನಿಂದ ನೀರು ಸೋರುತ್ತಿದ್ದರೆ ಅದು ಮರಳಲ್ಲ, ವಾಲ್ವ್. ಅದಕ್ಕೆ ಆಮೇಲೆ ಬರ್ತೀನಿ.

ಹಳೆ ಮರಳು ತೊಳೆಯೋದೋ, ಹೊಸದು ತುಂಬೋದೋ?

ಮರಳಿನ ಆಯಸ್ಸು ಐದರಿಂದ ಏಳು ವರ್ಷ ಅಂತ ಎಲ್ಲರೂ ಹೇಳುತ್ತಾರೆ. ಕಾಳು ಸವೆದು ಗುಂಡಗಾಗುತ್ತೆ, ಅದಕ್ಕೇ ಬದಲಿಸಬೇಕು ಅನ್ನೋ ಮಾತನ್ನು ನಾನು ಅಷ್ಟಾಗಿ ನಂಬಲ್ಲ. ಸಿಲಿಕಾ ಅಂದರೆ ಬೆಣಚುಕಲ್ಲು. ಅದು ಐದು ವರ್ಷಕ್ಕೆಲ್ಲ ಸವೆಯೋ ಆಸಾಮಿ ಅಲ್ಲ. ನಮ್ಮ ಕಡೆ ಮರಳು ಕೆಡೋದು ಸುಣ್ಣದಿಂದ. ಎರಡನೆಯದು ಎಣ್ಣೆ.

ಸುಣ್ಣ ಎಲ್ಲಿಂದ ಬರುತ್ತೆ ಅಂದರೆ, ಬೋರ್‌ವೆಲ್‌ನಿಂದಲೇ. ಬೇಸಿಗೆಯಲ್ಲಿ ನಮ್ಮ ಪೂಲ್‌ನಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್ ನೀರು ಆವಿಯಾದರೂ ಸುಮಾರು ನೂರು ಲೀಟರ್ ಹೋಯಿತು. ಆವಿಯಾಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಆ ಜಾಗಕ್ಕೆ ಮತ್ತೆ ಗಡಸು ನೀರು ಬಿಡುತ್ತೇವೆ. ಹಾಲು ಕಾಯಿಸಿ ಕಾಯಿಸಿ ಗಟ್ಟಿ ಮಾಡಿದ ಹಾಗೆ, ಪೂಲ್ ನೀರು ತಿಂಗಳು ತಿಂಗಳಿಗೂ ಗಡಸಾಗುತ್ತಾ ಹೋಗುತ್ತದೆ. ಪಿಎಚ್ 7.8 ದಾಟಿತು ಅಂದರೆ ಆ ಸುಣ್ಣ ಟೈಲ್ಸ್ ಅಂಚಿಗೂ ಹತ್ತುತ್ತದೆ, ಮರಳಿನ ಕಾಳಿಗೂ ಹತ್ತುತ್ತದೆ. ಕಾಳು ಕಾಳು ಅಂಟಿಕೊಂಡು ಉಂಡೆಯಾಗುತ್ತದೆ. ನೀರು ಆ ಉಂಡೆಗಳ ನಡುವೆ ಸಂದಿ ಮಾಡಿಕೊಂಡು ಸುಮ್ನೆ ಇಳಿದುಹೋಗುತ್ತದೆ. ಗೇಜ್ ನೋಡಿದರೆ ಎಲ್ಲ ಸರಿ, ನೀರು ನೋಡಿದರೆ ಮಬ್ಬು. ಈ ಜೋಡಿ ಕಂಡರೆ ಮುಚ್ಚಳ ತೆಗೆದು ನೋಡಲೇಬೇಕು.

ನೋಡುವ ಬಗೆ ಹೀಗೆ. ಪಂಪ್ ಸ್ವಿಚ್ ಆಫ್ ಮಾಡಿ, ಮೇನ್ ಕೂಡ ಇಳಿಸಿ. ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗೇಜ್ ಸೊನ್ನೆಗೆ ಬಂದ ಮೇಲೆ ಮಾತ್ರ ಕ್ಲಾಂಪ್ ಬಿಚ್ಚಿ. ಒತ್ತಡ ಇರುವಾಗ ಕ್ಲಾಂಪ್ ಮುಟ್ಟಿದರೆ ಆ ಮುಚ್ಚಳ ಮುಖಕ್ಕೇ ಹಾರುತ್ತದೆ, ತಮಾಷೆ ಅಲ್ಲ. ತೆಗೆದಾಗ ಮರಳಿನ ಮೇಲ್ಮೈ ಮಟ್ಟಸವಾಗಿ ಇರಬೇಕು. ನಮ್ಮದರಲ್ಲಿ ಇರುವೆ ಗೂಡಿನಂಥ ಎರಡು ಗುಂಡಿ ಇದ್ದವು. ಕೈ ಹಾಕಿದರೆ ಮೇಲಿನ ನಾಲ್ಕು ಬೆರಳಷ್ಟು ಹುಡಿ, ಅದರ ಕೆಳಗೆ ಗಟ್ಟಿ ಬೆಲ್ಲದ ಅಚ್ಚಿನ ಹಾಗೆ ಕೈಗೆ ತಾಗಿತು. ಒಂದು ಹಿಡಿ ತೆಗೆದು ಸ್ಟೀಲ್ ತಟ್ಟೆಗೆ ಹಾಕಿ, ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ಹಿಂಡಿದೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರುಚುರು ಸದ್ದು, ಕಾಳಿನ ಸುತ್ತ ನೊರೆ. ಸುಣ್ಣ! ಬರೀ ಮರಳಾಗಿದ್ದರೆ ನಿಂಬೆರಸಕ್ಕೆ ಅದು ಜಪ್ಪಯ್ಯ ಅನ್ನಲ್ಲ.

ಈಗ ಆಯ್ಕೆ. ಉಂಡೆ ಮೇಲಿನ ಪದರದಲ್ಲಿ ಮಾತ್ರ ಇದ್ದು, ಕೈಯಲ್ಲಿ ಹಿಸುಕಿದರೆ ಒಡೆಯುವಂತಿದ್ದರೆ ತೊಳೆದರೆ ಸಾಕು. ತೋಟದ ಪೈಪನ್ನು ಮರಳಿನೊಳಗೆ ನಿಧಾನ ಇಳಿಸಿ, ಕೊಳೆ ಮೇಲೆ ತೇಲಿ ಹೊರಗೆ ಚೆಲ್ಲುವವರೆಗೆ ನೀರು ಬಿಡಿ. ತಳದವರೆಗೆ ಚುಚ್ಚಬೇಡಿ, ಲ್ಯಾಟರಲ್ ಅಲ್ಲೇ ಇರುತ್ತದೆ. ಆಮೇಲೆ ಫಿಲ್ಟರ್ ಕ್ಲೀನರ್ ಅಂತ ಸಿಗುವ ದ್ರಾವಣ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ಯಾಕ್‌ವಾಶ್ ಮಾಡಬಹುದು. ಸುಣ್ಣ ಕರಗಿಸುವುದು ಆಮ್ಲ ಇರುವ ಕ್ಲೀನರ್. ಎಣ್ಣೆಗೆ ಬೇರೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ಇರುವ ಯಾವುದರ ಹತ್ತಿರವೂ ಆಸಿಡ್ ತರಬೇಡಿ. ಎರಡೂ ಸೇರಿದರೆ ಹೊರಡುವ ಗಾಳಿ ಪಂಪ್ ರೂಮಿನಂಥ ಇಕ್ಕಟ್ಟಾದ ಜಾಗದಲ್ಲಿ ಪ್ರಾಣಕ್ಕೇ ಅಪಾಯ.

ಉಂಡೆ ತಳದವರೆಗೂ ಇದ್ದರೆ, ಇಲ್ಲವೇ ಮರಳಿಗೆ ಜಿಡ್ಡು ಹತ್ತಿ ಕೈಗೆ ಅಂಟುವಂತಿದ್ದರೆ ಹೊಸದೇ ವಾಸಿ. ತೊಳೆಯೋಕೆ ಚೆಲ್ಲುವ ನೀರಿನ ಲೆಕ್ಕ ಹಾಕಿದರೆ ಅದೇ ಅಗ್ಗ. 135 ಕೆಜಿ ಅಂದರೆ 50 ಕೆಜಿಯ ಮೂರು ಚೀಲಕ್ಕೂ ಕಡಿಮೆ. ಇಬ್ಬರು ಇದ್ದರೆ ಅರ್ಧ ದಿನದ ಕೆಲಸ. ಹಳೆಯದನ್ನು ಪ್ಲಾಸ್ಟಿಕ್ ಮಗ್‌ನಲ್ಲಿ ಮೊಗೆದು ತೆಗೆಯಬೇಕು, ಸಲಿಕೆ ಹಾಕಿದರೆ ಲ್ಯಾಟರಲ್ ಮುರಿಯುತ್ತದೆ. ಹೊಸದು ತುಂಬುವ ಮುಂಚೆ ಅರ್ಧ ಫಿಲ್ಟರ್ ನೀರು ತುಂಬಿ. ಮರಳು ಸುರಿದಾಗ ಪೆಟ್ಟು ನೀರಿಗೆ ಬೀಳಲಿ, ಪೈಪಿಗೆ ಬೇಡ. ನಡುವಿನ ಕೊಳವೆಯ ಬಾಯಿಗೆ ಒಂದು ಕವರ್ ಕಟ್ಟಿ ಟೇಪ್ ಸುತ್ತಿ. ಆಮೇಲೆ ಆ ಕವರ್ ತೆಗೆಯೋದನ್ನು ಮರೆಯಬೇಡಿ. ನಾನು ಮರೆತಿದ್ದೆ, ಅದನ್ನು ಇಲ್ಲಿ ವಿವರಿಸೋಕೆ ಇಷ್ಟ ಇಲ್ಲ.

ಇನ್ನೊಂದು ಮಾತು. ನಮಗೆ ಮೊದಲು ಫಿಲ್ಟರ್ ಕೂರಿಸಿದವರು ಒಳಗೆ ಹಾಕಿದ್ದು ಎಂ-ಸ್ಯಾಂಡ್. ಸುತ್ತಮುತ್ತ ಕ್ರಷರ್‌ಗಳಿಗೆ ಬರ ಇಲ್ಲ, ಹಾಗಾಗಿ ಕೈಗೆ ಸಿಕ್ಕಿದ್ದು ಹಾಕಿ ಹೋಗಿದ್ದರು. ಕಲ್ಲು ಪುಡಿಮಾಡಿದ ಆ ಮರಳಿನಲ್ಲಿ ಬೂದಿಯಂಥ ಪುಡಿ ಜಾಸ್ತಿ, ಕಾಳಿನ ಗಾತ್ರಕ್ಕೂ ಲೆಕ್ಕ ಇಲ್ಲ. ಸಣ್ಣ ಪುಡಿ ಲ್ಯಾಟರಲ್ ಸೀಳಿನಲ್ಲೇ ನುಸುಳಿ ಪೂಲ್‌ಗೆ ಬಂತು. ಎರಡು ವಾರ ನೀರು ಸಿಮೆಂಟ್ ಕಲಸಿದ ಹಾಗೆ ಇತ್ತು. ಎಂ-ಸ್ಯಾಂಡ್ ಗಾರೆಗೆ ಒಳ್ಳೆಯದು, ಅಲ್ಲೇ ಇರಲಿ.

ಸಿಲಿಕಾ, ಗಾಜು, ಜಿಯೋಲೈಟ್

ಮರಳು ತೆಗೆದದ್ದಾಯಿತು, ಅದೇ ಡಬ್ಬಕ್ಕೆ ಬೇರೆ ಏನಾದರೂ ತುಂಬೋಣವಾ ಅನ್ನೋದು ಮುಂದಿನ ಪ್ರಶ್ನೆ.

ಸಿಲಿಕಾ ಮರಳು ಸುಮಾರು 20ರಿಂದ 40 ಮೈಕ್ರಾನ್‌ವರೆಗಿನ ಕಸ ಹಿಡಿಯುತ್ತದೆ. ನಮ್ಮ ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ವಾರಾಂತ್ಯದ ಪೂಲ್‌ಗೆ ಇಷ್ಟು ಸಾಕು ಅಂತ ನನ್ನ ಅನುಭವ. ಮರಳಿನದೊಂದು ತಮಾಷೆ ಇದೆ. ಅತಿ ಚೊಕ್ಕಟ ಮರಳು ಚೆನ್ನಾಗಿ ಸೋಸಲ್ಲ. ಸ್ವಲ್ಪ ಕಸ ಕೂತ ಮೇಲೆ ಆ ಕಸವೇ ಇನ್ನಷ್ಟು ಸಣ್ಣ ಕಸವನ್ನು ಹಿಡಿಯುತ್ತದೆ. ಕಾಫಿ ಫಿಲ್ಟರ್‌ಗೆ ಪುಡಿ ಹಾಕಿ ಒತ್ತಿದ ಮೇಲೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ತಿಳಿಯಾಗಿ ಇಳಿಯುತ್ತಲ್ಲ, ಹಾಗೆ.

ಗಾಜು ಅಂದರೆ ಬಾಟಲಿ ಗಾಜನ್ನು ಪುಡಿಮಾಡಿ, ಚೂಪು ತೆಗೆದು, ಕಾಳಿನ ಗಾತ್ರಕ್ಕೆ ಜರಡಿ ಹಿಡಿದದ್ದು. ಮರಳಿಗಿಂತ ಹಗುರ. ಅದೇ ಡಬ್ಬಕ್ಕೆ ತೂಕದಲ್ಲಿ 15ರಿಂದ 20 ಶೇಕಡಾ ಕಡಿಮೆ ಸಾಕು, ನಮ್ಮ ಫಿಲ್ಟರ್‌ಗೆ 110 ಕೆಜಿ ಚಿಲ್ಲರೆ. ಮೈ ನುಣುಪು, ಹಾಗಾಗಿ ಜಿಡ್ಡು ಮತ್ತು ಪಾಚಿ ಅಷ್ಟು ಸುಲಭಕ್ಕೆ ಅಂಟಲ್ಲ. ಬ್ಯಾಕ್‌ವಾಶ್‌ಗೆ ಬೇಗ ಬಿಟ್ಟುಕೊಡುತ್ತದೆ. ನಮ್ಮೂರಿಗೆ ಇದರ ಆಕರ್ಷಣೆ ಇರೋದು ಇಲ್ಲೇ. ಮೂರು ನಿಮಿಷ ಚೆಲ್ಲುವ ಕಡೆ ಎರಡು ನಿಮಿಷ ಸಾಕಾದರೆ ಅದು ಪ್ರತಿ ಸಲ ನೂರೈವತ್ತು ಲೀಟರ್‌ಗೂ ಹೆಚ್ಚು ಉಳಿತಾಯ. ದುಡ್ಡು ಮಾತ್ರ ಮರಳಿಗಿಂತ ಜಾಸ್ತಿ, ಬೆಂಗಳೂರಿನಿಂದ ತರಿಸಬೇಕು. ಇದಕ್ಕೂ ಸುಣ್ಣ ಹತ್ತುತ್ತದೆ. ಗಾಜು ಹಾಕಿದರೆ ಪಿಎಚ್ ನೋಡೋದೇ ಬೇಡ ಅಂತ ಯಾರಾದರೂ ಹೇಳಿದರೆ ಅವರಿಗೆ ಒಂದು ಕಾಫಿ ಕೊಟ್ಟು ಕಳಿಸಿ.

ಜಿಯೋಲೈಟ್ ಒಂದು ಬಗೆಯ ರಂಧ್ರದ ಖನಿಜ. ತೂಕದಲ್ಲಿ ಇನ್ನೂ ಹಗುರ, ಇನ್ನೂ ಸಣ್ಣ ಕಸ ಹಿಡಿಯುತ್ತದೆ, ಅಮೋನಿಯಾವನ್ನೂ ಹೀರುತ್ತದೆ. ಮಕ್ಕಳು ಜಾಸ್ತಿ ಇಳಿಯುವ ಪೂಲ್‌ಗೆ ಅದು ಒಳ್ಳೆ ಗುಣವೇ. ಆದರೆ ಆಗಾಗ ಉಪ್ಪುನೀರಿನಲ್ಲಿ ನೆನೆಹಾಕಿ ಅದರ ಶಕ್ತಿ ವಾಪಸ್ ತರಬೇಕು. ಆ ಉಪ್ಪುನೀರನ್ನು ತೋಟಕ್ಕೆ ಬಿಡೋಕಾಗಲ್ಲ. ಆ ಒಂದೇ ಕಾರಣಕ್ಕೆ ನಾನು ಅದನ್ನು ಬಿಟ್ಟೆ.

ಪೂಲ್ ದಿನವೂ ಬಳಕೆಯಲ್ಲಿದ್ದು, ಟ್ಯಾಂಕರ್ ನೀರು ಕೊಂಡುಕೊಳ್ಳುವವರಾದರೆ ಗಾಜು ಹಾಕಿಸಿ, ಕೊಟ್ಟ ದುಡ್ಡು ನೀರಿನಲ್ಲಿ ವಾಪಸ್ ಬರುತ್ತದೆ. ವಾರಕ್ಕೆ ಎರಡು ದಿನದ ಪೂಲ್ ಆದರೆ ಸಿಲಿಕಾ ಸಾಕು. ನಾನು ಸಿಲಿಕಾದಲ್ಲೇ ಇದ್ದೇನೆ.

ಕಾರ್ಟ್ರಿಡ್ಜ್: ನೀರು ಉಳಿತಾಯ, ಕೈಗೆ ಕೆಲಸ

ನೀರಿನ ಲೆಕ್ಕ ಒಂದನ್ನೇ ಹಿಡಿದರೆ ಕಾರ್ಟ್ರಿಡ್ಜ್ ಗೆಲ್ಲಬೇಕು. ಅದಕ್ಕೆ ಬ್ಯಾಕ್‌ವಾಶ್ ಇಲ್ಲ. ಮಡಿಕೆ ಮಡಿಕೆಯ ಬಟ್ಟೆಯ ಸಿಲಿಂಡರನ್ನು ಹೊರಗೆ ತೆಗೆದು ಪೈಪಿನಲ್ಲಿ ತೊಳೆದರೆ ಆಯಿತು. 10ರಿಂದ 20 ಮೈಕ್ರಾನ್ ಕಸದವರೆಗೂ ಹಿಡಿಯುತ್ತದೆ. ಕಾಗದದ ಮೇಲೆ ಇದನ್ನು ಸೋಲಿಸೋಕೆ ಆಗಲ್ಲ.

ಆದರೂ ನಾನು ಹಾಕಿಸಲಿಲ್ಲ. ಯಾಕೆ ಅಂದರೆ ನಮ್ಮ ಧೂಳು. ಫೆಬ್ರವರಿಯಿಂದ ಮೇವರೆಗೆ ಉಳುಮೆಯ ಕೆಂಪು ಧೂಳು, ಕಲ್ಲು ಲಾರಿ ಓಡಾಡುವ ರಸ್ತೆಯ ಬಿಳಿ ಧೂಳು. ಎರಡೂ ಮಡಿಕೆಯ ಒಳಗೆ ಹೋಗಿ ಕೂತರೆ ಒಂದೊಂದು ಮಡಿಕೆ ಬಿಡಿಸಿ ತೊಳೆಯಬೇಕು. ಜೊತೆಗೆ ಬಂದವರ ತಲೆ ಎಣ್ಣೆ, ಸನ್‌ಸ್ಕ್ರೀನ್. ಎಣ್ಣೆ ಹತ್ತಿದ ಕಾರ್ಟ್ರಿಡ್ಜ್‌ಗೆ ಬರೀ ನೀರು ಸಾಲದು, ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಬೇಕು. ಸುಣ್ಣ ಹತ್ತಿದರೆ ಅದಕ್ಕೆ ಇನ್ನೊಂದು ಸ್ನಾನ. ಅದೂ ಎಣ್ಣೆ ತೆಗೆದ ಮೇಲೆಯೇ. ಮೊದಲೇ ಆಸಿಡ್‌ಗೆ ಹಾಕಿದರೆ ಜಿಡ್ಡು ಬಟ್ಟೆಯಲ್ಲೇ ಕಚ್ಚಿಕೊಳ್ಳುತ್ತದೆ. ಪಕ್ಕದ ಊರಿನ ಒಂದು ಹೋಮ್‌ಸ್ಟೇಯಲ್ಲಿ ತೊಳೆಯೋ ಹುಡುಗ ಕೆಲಸ ಬಿಟ್ಟ ಮೇಲೆ ಕಾರ್ಟ್ರಿಡ್ಜ್ ತಿಂಗಳುಗಟ್ಟಲೆ ಹಾಗೇ ಇತ್ತು. ಪಂಪ್ ಸುಟ್ಟಿತು.

ಮನೆಯವರಷ್ಟೇ ಬಳಸುವ ಸಣ್ಣ ಪೂಲ್, ಮೇಲೆ ಶೆಡ್ ಇದೆ, ತೊಳೆಯೋಕೆ ಕೈ ಇದೆ ಅಂದರೆ ಕಾರ್ಟ್ರಿಡ್ಜ್ ಕಣ್ಣುಮುಚ್ಚಿ ಹಾಕಿಸಿ. ಇನ್ನು ಡಿಇ (ಡಯಾಟಮೇಶಿಯಸ್ ಅರ್ತ್ ಅನ್ನೋ ಪುಡಿಯ) ಫಿಲ್ಟರ್ ಅಂತ ಒಂದಿದೆ, 3ರಿಂದ 5 ಮೈಕ್ರಾನ್‌ವರೆಗೂ ಸೋಸುತ್ತದೆ. ಪ್ರತಿ ಸಲ ತೊಳೆದಾಗಲೂ ಹೊಸ ಪುಡಿ ಹಾಕಬೇಕು, ಆ ಪುಡಿ ಮೂಗಿಗೆ ಹೋಗಬಾರದು. ಬೇಡ ಬಿಡಿ.

ವಾಲ್ವ್ ವಿಷಯ

ಫಿಲ್ಟರ್‌ನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ಹಿಡಿಗೆ ಸಾಮಾನ್ಯವಾಗಿ ಆರು ಜಾಗ: ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್ (ತೊಳೆದ ಮೇಲೆ ಉಳಿದ ಕೊಳೆಯನ್ನು ಹೊರಗೆ ಬಿಡೋದು), ವೇಸ್ಟ್ (ಫಿಲ್ಟರ್‌ಗೆ ಹೋಗದೆ ನೇರ ಹೊರಗೆ), ರೀಸರ್ಕ್ಯುಲೇಟ್, ಕ್ಲೋಸ್ಡ್. ಪಂಪ್ ಓಡುತ್ತಿರುವಾಗ ಈ ಹಿಡಿ ತಿರುಗಿಸಿದರೆ ಒಳಗಿನ ಸ್ಪೈಡರ್ ಗ್ಯಾಸ್ಕೆಟ್ ಕಿತ್ತುಬರುತ್ತದೆ. ಜೇಡರ ಬಲೆಯ ಆಕಾರದ ರಬ್ಬರ್ ಅದು. ಒಂದು ಕಾಲು ಮಡಚಿಕೊಂಡರೂ ಸಾಕು, ಬ್ಯಾಕ್‌ವಾಶ್ ಪೈಪಿನಲ್ಲಿ ಹಗಲೂ ರಾತ್ರಿ ಸಣ್ಣಗೆ ನೀರು ಹೋಗುತ್ತಿರುತ್ತದೆ. ನಮ್ಮಲ್ಲಿ ಬಾಳೆಗಿಡ ಒಂದು ಮೂಲೆಯಲ್ಲಿ ಮಾತ್ರ ಯಾಕಿಷ್ಟು ಚೆನ್ನಾಗಿ ಬಂದಿದೆ ಅಂತ ನೋಡಿದಾಗಲೇ ಗೊತ್ತಾಗಿದ್ದು.

ಇಂಥದ್ದಕ್ಕೆ ಇಡೀ ವಾಲ್ವ್ ಬದಲಿಸಿ ಅಂತ ಹೇಳುವವರಿದ್ದಾರೆ. ಮೈ ಬಿರುಕು ಬಿಟ್ಟಿಲ್ಲ, ಹಿಡಿ ಸಲೀಸಾಗಿ ತಿರುಗುತ್ತದೆ ಅಂದರೆ ಗ್ಯಾಸ್ಕೆಟ್ ಮಾತ್ರ ಬದಲಿಸಿ. ಮುಚ್ಚಳದ ಸ್ಕ್ರೂ ಬಿಚ್ಚುವ ಮುಂಚೆ ಮುಚ್ಚಳ ಮತ್ತು ಬಾಡಿ ಎರಡಕ್ಕೂ ಸೇರುವ ಹಾಗೆ ಒಂದು ಗೆರೆ ಎಳೆದುಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಫಿಲ್ಟರ್ ಅಂತ ಇಟ್ಟರೆ ವೇಸ್ಟ್ ಆಗಿರುತ್ತದೆ. ಬಿಸಿಲಿಗೆ ಬಿದ್ದು ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದು. ಅದಕ್ಕೇ ಪಂಪ್ ರೂಮಿಗೆ ಒಂದು ತಗಡಿನ ನೆರಳಾದರೂ ಇರಲಿ.

ದಿನವೂ ಬ್ಯಾಕ್‌ವಾಶೋ, ಗೇಜ್ ನೋಡಿ ಬ್ಯಾಕ್‌ವಾಶೋ?

ಇಷ್ಟೆಲ್ಲ ಆಯ್ಕೆಗಳಲ್ಲಿ ನನಗೆ ಅತಿ ಹೆಚ್ಚು ನೀರು ಉಳಿಸಿಕೊಟ್ಟದ್ದು ಯಾವ ಸಾಮಾನೂ ಅಲ್ಲ, ಈ ಒಂದು ಅಭ್ಯಾಸ. ಮೊದಲು ನಮ್ಮ ಪೂಲ್ ನೋಡಿಕೊಳ್ಳುತ್ತಿದ್ದವರು ದಿನ ಬೆಳಿಗ್ಗೆ ಪೂಜೆಯ ಹಾಗೆ ಮೂರು ನಿಮಿಷ ಬ್ಯಾಕ್‌ವಾಶ್, ಅರ್ಧ ಮುಕ್ಕಾಲು ನಿಮಿಷ ರಿನ್ಸ್ ಮಾಡುತ್ತಿದ್ದರು. ಗಂಟೆಗೆ 10,000 ಲೀಟರ್ ಪಂಪ್ ಅಂದರೆ ನಿಮಿಷಕ್ಕೆ 167 ಲೀಟರ್. ಒಂದು ಸಲಕ್ಕೆ 600 ಲೀಟರ್ ಆಯಿತು. ತಿಂಗಳಿಗೆ 18,000. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂರೂವರೆ ಟ್ಯಾಂಕರ್ ಚರಂಡಿಗೆ! ಅದೂ ನೀರು ಇನ್ನೂ ಮಬ್ಬಾಗೋಕೆ, ಯಾಕಂದರೆ ಮರಳಿಗೆ ಕಸ ಕೂರೋಕೇ ಬಿಡುತ್ತಿರಲಿಲ್ಲ.

ಈಗ ಗೇಜ್ 1.4 ಮುಟ್ಟಿದಾಗ ಮಾತ್ರ. ಮಾಮೂಲಿ ದಿನಗಳಲ್ಲಿ ವಾರಕ್ಕೊಮ್ಮೆ, ಧೂಳಿನ ಕಾಲದಲ್ಲಿ ಎರಡು ಸಲ. ಗಾಜಿನ ಕಿಂಡಿಯಲ್ಲಿ ನೀರು ಮೊದಲು ಕಂದು, ಆಮೇಲೆ ಟೀ ಬಣ್ಣ, ಆಮೇಲೆ ತಿಳಿ. ತಿಳಿಯಾದ ತಕ್ಷಣ ನಿಲ್ಲಿಸುತ್ತೇವೆ, ಗಡಿಯಾರ ನೋಡಲ್ಲ. ರಿನ್ಸ್ ಮಾತ್ರ ಬಿಡೋ ಹಾಗಿಲ್ಲ. ನೀರು ಉಳಿಸೋಕೆ ಅಂತ ಅದನ್ನು ಬಿಟ್ಟರೆ ಫಿಲ್ಟರ್‌ಗೆ ಹಾಕಿದ ತಕ್ಷಣ ಪೂಲ್ ಬಾಯಿಂದ ಒಂದು ಮೋಡ ಕೊಳೆ ಬರುತ್ತದೆ.

ಚೆಲ್ಲಿದ ನೀರಿಗೆ ಜಾಗ ಭರ್ತಿ ಮಾಡೋದು ಮಳೆನೀರಾದರೆ ಇನ್ನೂ ಒಳ್ಳೆಯದು, ಅದರಲ್ಲಿ ಸುಣ್ಣ ಇಲ್ಲ. 100 ಚದರ ಮೀಟರ್ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಒಂದು ಒಳ್ಳೆ ಮಳೆ ಅಂದರೆ ಒಂದೂವರೆ ಬ್ಯಾಕ್‌ವಾಶ್. ಚಾವಣಿ ಪೈಪನ್ನು ಪೂಲ್‌ಗೆ ನೇರವಾಗಿ ಕೊಡಬೇಡಿ. ಸಂಪ್‌ಗೆ ಬಿಟ್ಟು, ಕೊಳೆ ಕೂತ ಮೇಲೆ ಪೂಲ್‌ಗೆ ಏರಿಸಿ.

ಯಾವ ಕ್ಲೋರಿನ್ ಅನ್ನೋದೂ ಫಿಲ್ಟರ್ ಪ್ರಶ್ನೆಯೇ

ಬ್ಲೀಚಿಂಗ್ ಪೌಡರ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಅದರಲ್ಲಿ ಸುಣ್ಣದ ಗಸಿ ಜಾಸ್ತಿ. ನೇರವಾಗಿ ಪೂಲ್‌ಗೆ ಸುರಿದರೆ ಆ ಗಸಿ ಮರಳಿಗೇ ಹೋಗಿ ಕೂರುತ್ತದೆ. ಮೊದಲೇ ಸುಣ್ಣದ ನೀರು ಇರುವ ನಮಗೆ ಇದು ಗಾಯದ ಮೇಲೆ ಬರೆ. ಬಳಸಲೇಬೇಕಾದರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿ ಮಾತ್ರ ಬಗ್ಗಿಸಿ. ದ್ರವರೂಪದ ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್) ಸುಣ್ಣ ಇಲ್ಲ, ಆದರೆ ಬಿಸಿಲಿಗೆ ಶಕ್ತಿ ಬೇಗ ಇಳಿಯುತ್ತದೆ. ಜಾಸ್ತಿ ದಿನ ಕೂಡಿಡೋಕಾಗಲ್ಲ. ಟಿಸಿಸಿಎ ಅನ್ನೋ ಕ್ಲೋರಿನ್ ಮಾತ್ರೆಯಲ್ಲಿಯೂ ಸುಣ್ಣ ಇಲ್ಲ, ಪಿಎಚ್ ಇಳಿಸುವ ಗುಣ ಇದೆ, ನಮ್ಮ ನೀರಿಗೆ ಅದು ಅನುಕೂಲವೇ. ಅದರ ಜೊತೆ ಬರುವ ಸಯನ್ಯೂರಿಕ್ ಆಮ್ಲ ಮಾತ್ರ ನೀರಿನಲ್ಲಿ ಸೇರುತ್ತಾ ಹೋಗುತ್ತದೆ, ನೀರು ಬದಲಿಸದೆ ಇಳಿಯಲ್ಲ. ಜಾಸ್ತಿಯಾದರೆ ಕ್ಲೋರಿನ್ ಇದ್ದೂ ಇಲ್ಲದ ಹಾಗೆ.

ನಾವು ವಾರದ ದಿನಗಳಲ್ಲಿ ಮಾತ್ರೆ, ಜನ ಬಂದುಹೋದ ಭಾನುವಾರ ರಾತ್ರಿ ಹೈಪೋ ಹಾಕುತ್ತೇವೆ. ಪಿಎಚ್ 7.2ರಿಂದ 7.6ರೊಳಗೆ, ಕ್ಲೋರಿನ್ 1ರಿಂದ 3 ಪಿಪಿಎಂ. ಮಾತ್ರೆ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಮಗ್‌ನಲ್ಲಿ ಅಳೆಯಬೇಡಿ, ಒಂದೇ ಡಬ್ಬಿಯಲ್ಲಿ ಇಡಬೇಡಿ. ಎರಡೂ ಕ್ಲೋರಿನ್ನೇ ಅಲ್ವಾ ಅಂತ ಅನಿಸುತ್ತದೆ. ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು.

ಸೋಮವಾರದ ಮಜ್ಜಿಗೆ ನೀರಿಗೆ ಆಲಮ್ (ಪಟಿಕ) ಹಾಕುವ ಪದ್ಧತಿ ಇದೆಯಲ್ಲ, ಅದಕ್ಕೂ ನಾನು ವಿರೋಧಿ ಅಲ್ಲ. ಹಾಕಿ, ಪಂಪ್ ನಿಲ್ಲಿಸಿ, ರಾತ್ರಿಯಿಡೀ ಬಿಟ್ಟರೆ ಕೊಳೆ ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಅದನ್ನು ವ್ಯಾಕ್ಯೂಮ್‌ನಲ್ಲಿ ಎಳೆಯುವಾಗ ವಾಲ್ವ್ ವೇಸ್ಟ್‌ನಲ್ಲಿರಲಿ. ಫಿಲ್ಟರ್‌ನಲ್ಲಿಟ್ಟು ಎಳೆದರೆ ಆ ಲೋಳೆ ಪೂರ್ತಿ ಮರಳಿನ ಮೇಲೆ ಚಾಪೆ ಹಾಸುತ್ತದೆ. ವೇಸ್ಟ್ ಅಂದರೆ ಮತ್ತೆ ನೀರು ಚೆಲ್ಲಿದ ಹಾಗೆ, ಹಾಗಾಗಿ ತಿಂಗಳಿಗೊಮ್ಮೆಗಿಂತ ಜಾಸ್ತಿ ನಾವು ಮಾಡಲ್ಲ. ಅದಕ್ಕಿಂತ ಪೂಲ್ ಪಕ್ಕ ಒಂದು ಶವರ್ ಇಟ್ಟು, ತಲೆಗೆ ನೀರು ಹುಯ್ದುಕೊಂಡೇ ಇಳಿಯಿರಿ ಅಂತ ಬೋರ್ಡ್ ಹಾಕಿದ್ದು ಜಾಸ್ತಿ ಕೆಲಸ ಮಾಡಿದೆ. ಬೋರ್ಡ್ ಓದದವರಿಗೆ ನಮ್ಮ ಅಡುಗೆಯ ಅಕ್ಕ ಕಿಟಕಿಯಿಂದಲೇ ಕೂಗುತ್ತಾರೆ.

ತೆಗೆದ ಹಳೆ ಮರಳು ಏನಾಯಿತು ಅಂತ ಕೇಳಬಹುದು. ಬ್ಯಾಕ್‌ವಾಶ್ ಪೈಪಿನ ತುದಿಯಲ್ಲಿ ಮೂರಡಿ ಗುಂಡಿ ತೆಗೆಸಿ, ಕೆಳಗೆ ಜಲ್ಲಿ, ಮೇಲೆ ಆ 135 ಕೆಜಿ ಮರಳು ಹಾಸಿದ್ದೇವೆ. ಕೊಳೆ ಅಲ್ಲೇ ನಿಲ್ಲುತ್ತದೆ. ಸೋಸಿದ ನೀರು ಪಕ್ಕದ ತೆರೆದ ತೊಟ್ಟಿಗೆ ಬಂದು ಎರಡು ದಿನ ಬಿಸಿಲಿಗೆ ನಿಂತು, ಕ್ಲೋರಿನ್ ಹೋದ ಮೇಲೆ ತೆಂಗಿನ ಮರಗಳಿಗೆ ಹೋಗುತ್ತದೆ. ಗುಲಾಬಿಗೆ ಬಿಡಲ್ಲ. ದ್ರಾಕ್ಷಿ ತೋಟದ ಅಣ್ಣ ಮೊನ್ನೆ ಬಂದು ಗುಂಡಿ ನೋಡಿ, "ಇದೇನಪ್ಪ, ನೀನೂ ಫಿಲ್ಟರ್ ಮರಳು ದಂಧೆ ಶುರು ಮಾಡಿದ್ದೀಯಾ?" ಅಂದರು.